ಸಿಂಕಿಗೆ ಸುರಿಯುವ ಮುನ್ನ: ಲ್ಯಾಬ್ ನೀರಿನ ಬಗ್ಗೆ ಓದುಗರ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ರಕ್ತಪರೀಕ್ಷಾ ಕೇಂದ್ರ, ಕಾಲೇಜು, ಮಣ್ಣುಪರೀಕ್ಷಾ ಲ್ಯಾಬುಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ಯಗಚಿ ಬೇಲೂರು ದಾಟಿ ಹೇಮಾವತಿಯನ್ನು ಸೇರುತ್ತದೆ. ಹಾಸನದ ನಲ್ಲಿಗಳಲ್ಲಿ ಬರುವುದು ಆ ಹೇಮಾವತಿಯ ನೀರು. ಮೇಲಿನ ಊರಿನ ಸಿಂಕಿನಲ್ಲಿ ಹೋದದ್ದು ಕೆಳಗಿನ ಊರಿಗೆ ಬಾರದೆ ಇರದು. ಒಳಚರಂಡಿ ನೀರನ್ನು ಶುದ್ಧೀಕರಿಸುವ ಘಟಕಗಳು ಮಲಮೂತ್ರವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳನ್ನು ನಂಬಿಕೊಂಡಿವೆ. ಪಾದರಸ, ಕ್ರೋಮಿಯಂಗಳನ್ನು ಅವು ಇಲ್ಲವಾಗಿಸಲಾರವು. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ಹೆಚ್ಚಾದರೆ ಅವೇ ಸಾಯುತ್ತವೆ. ಹಾಗಾಗಿ ಬೇರ್ಪಡಿಸುವ ಕೆಲಸ ಪೈಪಿನೊಳಗೆ ಆಗುವುದಿಲ್ಲ, ಲ್ಯಾಬಿನ ಮೇಜಿನ ಮೇಲೇ ಆಗಬೇಕು.

ಪ್ರಶ್ನೆ: ನಮ್ಮದು ಸಣ್ಣ ರಕ್ತಪರೀಕ್ಷಾ ಕೇಂದ್ರ. ರಕ್ತಕಣ ಎಣಿಸುವ ಸೆಲ್ ಕೌಂಟರ್ ಯಂತ್ರದ ವೇಸ್ಟ್ ಕ್ಯಾನ್ 10 ಲೀಟರಿನದು. ತುಂಬಿದಾಗ ಒಂದು ಮುಚ್ಚಳ ಹೈಪೋ (ಸೋಂಕು ಕಳೆಯುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಹಾಕಿ ಸಿಂಕಿಗೆ ಸುರಿಯುತ್ತೇವೆ. ಇಷ್ಟು ಸಾಕೇ?
— ಲ್ಯಾಬ್ ಟೆಕ್ನಿಷಿಯನ್, ಹಾಸನ

ಉತ್ತರ: ಸಾಲದು. ಲೆಕ್ಕ ಹಾಕಿ ನೋಡಿ. ಮುಚ್ಚಳದಲ್ಲಿ ಹಿಡಿಯುವುದು ಸುಮಾರು 10 ಮಿ.ಲೀ. ನಿಮ್ಮ ಹೈಪೋ ಶೇ. 5ರದ್ದಾದರೆ 10 ಲೀಟರಿನಲ್ಲಿ ಅದರ ಪ್ರಮಾಣ ಶೇ. 0.005ಕ್ಕೆ ಇಳಿಯುತ್ತದೆ. ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಬಂದದ್ದು 2016ರಲ್ಲಿ. 2018ರ ತಿದ್ದುಪಡಿ ರಾಸಾಯನಿಕ ಸೋಂಕುನಿವಾರಣೆಗೆ ಕೇಳುವುದು ಶೇ. 1ರಿಂದ 2ರಷ್ಟು ಸೋಡಿಯಂ ಹೈಪೋಕ್ಲೋರೈಟ್. ನೀವು ಹಾಕುತ್ತಿರುವುದು ಬೇಕಾದದ್ದರ ಇನ್ನೂರರಲ್ಲಿ ಒಂದು ಪಾಲು. ರಕ್ತದಲ್ಲಿರುವ ಪ್ರೋಟೀನು ಅಷ್ಟು ಕ್ಲೋರಿನ್ನನ್ನು ಕ್ಷಣದಲ್ಲಿ ನುಂಗಿಬಿಡುತ್ತದೆ, ರೋಗಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ.

ಸರಿಯಾದ ಕ್ರಮ ಹೀಗೆ. ಕ್ಯಾನಿನ ಮೇಲೆ 8 ಲೀಟರಿಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಅಲ್ಲಿಗೆ ಬಂದ ಕೂಡಲೇ ಯಂತ್ರದಿಂದ ಬಿಡಿಸಿ ಶೇ. 5ರ ಹೈಪೋ 2 ಲೀಟರ್ ಹಾಕಿ. ಶೇ. 10ರದ್ದಾದರೆ ಗೆರೆ 9 ಲೀಟರಿಗೆ, ಹೈಪೋ 1 ಲೀಟರ್. ಕುಲುಕಬೇಡಿ, ಯಂತ್ರ ರಕ್ತವನ್ನು ತೆಳುಮಾಡಲು ಬಳಸುವ ಡೈಲ್ಯೂಯೆಂಟ್‌ನಲ್ಲಿರುವ ಸೋಪಿನಂಶಕ್ಕೆ ನೊರೆ ಉಕ್ಕುತ್ತದೆ. ಪ್ಲಾಸ್ಟಿಕ್ ಕೋಲಿನಿಂದ ನಿಧಾನವಾಗಿ ತಿರುವಿ, ಕಿಟಕಿ ತೆರೆದು, ಅರ್ಧ ಗಂಟೆ ಬಿಡಿ. ಬೆಳಿಗ್ಗೆಯೇ ಖಾಲಿ ಕ್ಯಾನಿಗೆ ಹೈಪೋ ಹಾಕಿಡುವ ರೂಢಿ ಕೆಲವೆಡೆ ಇದೆ. ಸಂಜೆಯ ಹೊತ್ತಿಗೆ ಅದರ ಕಸುವು ಕರಗಿರುತ್ತದೆ, ಹಾಗೆ ಮಾಡಬೇಡಿ.

ಕೊಂಡ ಹೈಪೋವೂ ಹಳತಾದಂತೆ ಸೊರಗುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟ ಕ್ಯಾನಿನ ಮೇಲೆ ಶೇ. 5 ಎಂದು ಬರೆದಿದ್ದರೂ ಒಳಗೆ ಅಷ್ಟಿರುವುದಿಲ್ಲ. ಕೊಂಡ ತಾರೀಖು ಬರೆದು ಕತ್ತಲಲ್ಲಿಡಿ. ಬ್ಲೀಚಿಂಗ್ ಪೌಡರ್ ಬಳಸುವವರಾದರೆ, ಶೇ. 30 ಕ್ಲೋರಿನ್ ಇರುವ ಪುಡಿ ಲೀಟರಿಗೆ 33 ಗ್ರಾಂ ಹಾಕಿದರೆ ಶೇ. 1ರ ದ್ರಾವಣ ಸಿಗುತ್ತದೆ. ಕಲಸಿ, ತಳಕ್ಕೆ ಸುಣ್ಣ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಗಸಿ ಸಿಂಕಿಗೆ ಹೋದರೆ ಕೆಳಗಿನ ಬಾಗಿದ ಪೈಪಿನಲ್ಲಿ ಕಲ್ಲಾಗುತ್ತದೆ.

ಇನ್ನು ಹೈಪೋ ತಾಕಿಸಬಾರದ ಸಂಗತಿಗಳನ್ನು ಗೋಡೆಗೆ ಬರೆದು ಅಂಟಿಸಿ ಎಂದು ಒತ್ತಿ ಹೇಳುತ್ತೇವೆ. ಕಾಮಾಲೆ ನೋಡುವ ಬಿಲಿರುಬಿನ್ ರಿಯೇಜೆಂಟ್ (ಪರೀಕ್ಷಾ ದ್ರಾವಣ) ಆಮ್ಲೀಯ, ಅದಕ್ಕೆ ಹೈಪೋ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಹಿಮೋಗ್ಲೋಬಿನ್ ನೋಡುವ ಡ್ರಾಬ್ಕಿನ್ ದ್ರಾವಣದಲ್ಲಿ ಸೈನೈಡ್ ಇದೆ, ರಕ್ತಕಣ ಒಡೆಯುವ ಕೆಲವು ಹಳೆಯ ಲೈಸ್ ದ್ರಾವಣಗಳಲ್ಲೂ ಇತ್ತು. ಲೇಬಲ್ ಓದಿ. ಇದ್ದರೆ ಆಮ್ಲವೂ ಬೇಡ, ಹೈಪೋವೂ ಬೇಡ, ಬೇರೆ ಕ್ಯಾನ್. ಸಾಧ್ಯವಾದರೆ ಸೈನೈಡ್ ಇಲ್ಲದ ರಿಯೇಜೆಂಟಿಗೆ ಬದಲಾಗಿ, ತಲೆನೋವೇ ಇಲ್ಲ. ಆರ್‌ಟಿಪಿಸಿಆರ್ ಕಿಟ್‌ಗಳ ಲೈಸಿಸ್ ಬಫರಿನಲ್ಲಿರುವ ಗ್ವಾನಿಡೀನ್ ಥಯೋಸಯನೇಟ್ ಕೂಡ ಹೈಪೋ ಸೇರಿದರೆ ಸೈನೈಡ್ ಜಾತಿಯ ವಿಷಾನಿಲ ಬಿಡುತ್ತದೆ. ಸೋಡಿಯಂ ಅಜೈಡ್ ಇರುವ ರಿಯೇಜೆಂಟುಗಳದು ಬೇರೆಯೇ ಕಾಟ: ತಾಮ್ರ, ಸೀಸದ ಪೈಪುಗಳಲ್ಲಿ ನಿಧಾನವಾಗಿ ಸೇರಿ, ಒಣಗಿದ ಮೇಲೆ ತಟ್ಟಿದರೆ ಸಿಡಿಯುವ ಲೋಹದ ಅಜೈಡ್ ಆಗುತ್ತದೆ. ಪ್ಲಂಬರ್ ಸ್ಪ್ಯಾನರ್ ಹಾಕುವಾಗ ಅಪಾಯ ಅವನಿಗೆ.

ಪ್ರಶ್ನೆ: ಪಿಯು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ನೀರಿಗಾಗಿ ಹೊರಗೆ ಸುಣ್ಣದಕಲ್ಲಿನ ಚೂರು ತುಂಬಿದ ತೊಟ್ಟಿ ಕಟ್ಟಿಸಿದ್ದೇವೆ. ಮೊದಮೊದಲು ಗುಳ್ಳೆ ಬರುತ್ತಿತ್ತು, ಈಗ ಬರುವುದಿಲ್ಲ. ಆಮ್ಲ ಕಡಿಮೆಯಾಗಿದೆ ಎಂದುಕೊಳ್ಳಬಹುದೇ?
— ಉಪನ್ಯಾಸಕಿ, ಬೇಲೂರು

ಉತ್ತರ: ಇಲ್ಲ ಮೇಡಂ, ಕಲ್ಲು ಕೆಲಸ ನಿಲ್ಲಿಸಿದೆ. ಒಂದು ಚೂರನ್ನು ತೆಗೆದು ಚಾಕುವಿನಿಂದ ಕೆರೆದು ನೋಡಿ. ಮೇಲೆ ಬಿಳಿ ಪೊರೆ ಕಾಣುತ್ತದೆ, ಅದು ಜಿಪ್ಸಂ. ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳು ಸುಣ್ಣದಕಲ್ಲನ್ನು ಕರಗಿಸಿಕೊಂಡು ಹೋಗುತ್ತವೆ. ಗಂಧಕಾಮ್ಲ ಮಾತ್ರ ಕಲ್ಲಿನ ಮೈಗೆ ಜಿಪ್ಸಂ ಮೆತ್ತುತ್ತದೆ, ಒಳಗಿನ ಸುಣ್ಣಕ್ಕೆ ಆಮ್ಲ ಮುಟ್ಟುವುದಿಲ್ಲ. ತೊಟ್ಟಿಯಿಂದ ಹೊರಬೀಳುವ ನೀರಿಗೆ, ಆಮ್ಲೀಯತೆ ತೋರಿಸುವ ಪಿಎಚ್ ಪೇಪರ್ ಅದ್ದಿ (7ಕ್ಕಿಂತ ಕೆಳಗಾದರೆ ಆಮ್ಲ). ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರು 5.5ರಿಂದ 9ರೊಳಗಿರಬೇಕು. ಕಲ್ಲನ್ನು ಕೆರೆದು, ತೊಳೆದು, ಸವೆದಿದ್ದರೆ ಬದಲಿಸಿ. ಗಂಧಕಾಮ್ಲವನ್ನು ತೊಟ್ಟಿಗೆ ಬಿಡದೆ ಬಕೆಟ್ಟಿನಲ್ಲೇ ಸೋಡಾದಿಂದ ಶಮನ ಮಾಡಿ. 1 ನಾರ್ಮಲ್ (ಸಾಂದ್ರತೆಯ ಅಳತೆ) ಆಮ್ಲ ಲೀಟರಿಗೆ 53 ಗ್ರಾಂ ಸೋಡಾ ಆಶ್ ಅಥವಾ 84 ಗ್ರಾಂ ಅಡುಗೆ ಸೋಡಾ ಬೇಕು. 20 ಲೀಟರಿನ ಪ್ಲಾಸ್ಟಿಕ್ ಬಕೆಟ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ನೊರೆ ಮೇಲಕ್ಕೇರುತ್ತದೆ. ಪ್ರಬಲ ಆಮ್ಲ ಉಳಿದಿದ್ದರೆ ಅದನ್ನು ಮೊದಲು ಹೆಚ್ಚು ನೀರಿಗೆ ನಿಧಾನವಾಗಿ ಸುರಿದು ತಣ್ಣಗಾದ ಮೇಲೆ ಸೋಡಾ. ಆಮ್ಲಕ್ಕೆ ನೀರು ಸುರಿಯಬಾರದೆಂದು ನಿಮಗೆ ನಾವು ಹೇಳಬೇಕಿಲ್ಲ, ಅಟೆಂಡರಿಗೆ ನೀವು ಹೇಳಿ.

ಸಾಲ್ಟ್ ಅನಾಲಿಸಿಸ್‌ನ ಸೀಸ, ಬೇರಿಯಂ, ತಾಮ್ರಗಳು ಸುಣ್ಣದಕಲ್ಲಿನ ತೊಟ್ಟಿಯಲ್ಲಿ ನಿಲ್ಲುತ್ತವೆಂಬ ಭರವಸೆ ಇಲ್ಲ. ಪ್ರತಿ ಮೇಜಿಗೂ 'ಲೋಹ' ಎಂದು ಬರೆದ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಇಡಿ. ಪರೀಕ್ಷಾನಳಿಕೆಯಲ್ಲಿದ್ದದ್ದು ಮತ್ತು ಅದನ್ನು ತೊಳೆದ ಮೊದಲ ನೀರು ಡಬ್ಬಿಗೆ, ಎರಡನೆಯ ತೊಳೆ ಸಿಂಕಿಗೆ. ಸಿಲ್ವರ್ ನೈಟ್ರೇಟ್ ಉಳಿದದ್ದಕ್ಕೆ ಉಪ್ಪಿನ ನೀರು ಹಾಕಿದರೆ ಬೆಳ್ಳಿ ಬಿಳಿ ಗಸಿಯಾಗಿ ಕೂರುತ್ತದೆ, ಕೂಡಿಟ್ಟರೆ ಅದಕ್ಕೆ ಬೆಲೆಯೂ ಇದೆ. ಅಮೋನಿಯಂ ಪರೀಕ್ಷೆಯ ನೆಸ್ಲರ್ ದ್ರಾವಣ ಪಾದರಸದ್ದು. ಎರಡು ಹನಿ ಸಾಕಾಗುವ ಕಡೆ ಮಕ್ಕಳು ಅರ್ಧ ನಳಿಕೆ ಸುರಿಯುತ್ತಾರೆ, ಅದನ್ನು ಡ್ರಾಪರ್ ಬಾಟಲಿಯಲ್ಲೇ ಕೊಡಿ, ಬೇರೆ ಸೀಸೆಗೆ ಸೇರಿಸಿ.

ನಿಮ್ಮ ಪತ್ರದ ಕೊನೆಯಲ್ಲಿ 'ಹೈಪೋ ಹಾಕಿ ತೊಳೆಯುತ್ತೇವೆ' ಎಂದಿದ್ದೀರಿ. ಈ ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಟೈಟ್ರೇಶನ್ ಮಾಡುವವರಿಗೆ ಹೈಪೋ ಎಂದರೆ ಸೋಡಿಯಂ ಥಯೋಸಲ್ಫೇಟ್, ಹಳೆಯ ಎಕ್ಸ್‌ರೇ ಕೋಣೆಯವರಿಗೂ ಅದೇ. ಆಸ್ಪತ್ರೆಯಲ್ಲಿ ಹೈಪೋ ಎಂದರೆ ಸೋಡಿಯಂ ಹೈಪೋಕ್ಲೋರೈಟ್. ಒಂದು ಇನ್ನೊಂದರ ಕ್ಲೋರಿನ್ನನ್ನು ಕೊಲ್ಲುತ್ತದೆ. ಒಂದೇ ಕಪಾಟಿನಲ್ಲಿ 'ಹೈಪೋ' ಎಂದಷ್ಟೇ ಬರೆದ ಎರಡು ಬಾಟಲಿ ಇರುವುದು ಬೇಡ.

ಪ್ರಶ್ನೆ: ಕಾಫಿ ತೋಟಗಳ ಮಣ್ಣು ಪರೀಕ್ಷಿಸುತ್ತೇವೆ. ಸಾವಯವ ಇಂಗಾಲಕ್ಕೆ ಡೈಕ್ರೋಮೇಟ್ ಬಳಸುವ ವಾಕ್ಲಿ-ಬ್ಲಾಕ್ ವಿಧಾನ. ದಿನಕ್ಕೆ 10 ಸ್ಯಾಂಪಲ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರಿನ ಸಿಒಡಿ (ಕಲ್ಮಶವನ್ನು ರಾಸಾಯನಿಕವಾಗಿ ಉರಿಸಲು ಬೇಕಾಗುವ ಆಮ್ಲಜನಕದ ಅಳತೆ) ಪರೀಕ್ಷೆಯನ್ನೂ ಶುರು ಮಾಡುವ ಯೋಚನೆ ಇದೆ. ಟೈಟ್ರೇಶನ್ ಮುಗಿದ ಮೇಲೆ ಹಸಿರು ದ್ರಾವಣವನ್ನು ಚೆನ್ನಾಗಿ ನೀರು ಬಿಟ್ಟು ಹರಿಸಿದರೆ ಸಾಕೇ?
— ಮಣ್ಣುಪರೀಕ್ಷಾ ಲ್ಯಾಬ್, ಸಕಲೇಶಪುರ

ಉತ್ತರ: ನೀರು ಬಿಟ್ಟರೆ ಕ್ರೋಮಿಯಂ ಕಡಿಮೆಯಾಗುವುದಿಲ್ಲ, ಹರಡುತ್ತದೆ ಅಷ್ಟೇ. ಒಂದು ಸ್ಯಾಂಪಲಿಗೆ ನೀವು ಹಾಕುವ 1 ನಾರ್ಮಲ್ ಡೈಕ್ರೋಮೇಟ್ 10 ಮಿ.ಲೀ.ನಲ್ಲಿ ಸುಮಾರು 173 ಮಿ.ಗ್ರಾಂ ಕ್ರೋಮಿಯಂ ಇದೆ. ಒಳಚರಂಡಿಗೆ ಬಿಡಬಹುದಾದ ಮಿತಿ ಲೀಟರಿಗೆ 2 ಮಿ.ಗ್ರಾಂ. ನೀರು ಬಿಟ್ಟೇ ಆ ಮಿತಿಗೆ ತರುವುದಾದರೆ ಒಂದು ಫ್ಲಾಸ್ಕಿಗೆ 87 ಲೀಟರ್ ನೀರು ಬೇಕು.

ಒಳ್ಳೆಯ ಸಂಗತಿ ಎಂದರೆ ಇದನ್ನು ನಿಮ್ಮ ಲ್ಯಾಬಿನಲ್ಲೇ ಹಿಡಿದು ನಿಲ್ಲಿಸಬಹುದು, ಅದೂ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತ, ಸುಣ್ಣದ ಮಿಶ್ರಣ) ಬಳಸುವ ಸುಣ್ಣದಿಂದಲೇ. ಮೊದಲು ಬಣ್ಣ ನೋಡಿ. ಹಸಿರು ಎಂದರೆ ಕ್ರೋಮಿಯಂ ಕಡಿಮೆ ವಿಷದ ಮೂರರ ಸ್ಥಿತಿಗೆ ಇಳಿದಿದೆ. ಹಳದಿ, ಕಿತ್ತಳೆ ಉಳಿದಿದ್ದರೆ, ಅಥವಾ ಬಳಸದೆ ಮಿಕ್ಕ ಡೈಕ್ರೋಮೇಟ್ ಇದ್ದರೆ ಅದು ಆರರ ಸ್ಥಿತಿಯದು, ಕ್ಯಾನ್ಸರ್ ತರುವಂಥದ್ದು. ಪಿಎಚ್ 3ಕ್ಕಿಂತ ಕೆಳಗಿರುವಾಗಲೇ ಫೆರಸ್ ಸಲ್ಫೇಟ್ ಹಾಕಿ, ಒಂದು ಗ್ರಾಂ ಡೈಕ್ರೋಮೇಟಿಗೆ ಸುಮಾರು 6 ಗ್ರಾಂ. ಬಣ್ಣ ಪೂರ್ತಿ ಹಸಿರಿಗೆ ತಿರುಗುವ ತನಕ ಸುಣ್ಣ ಮುಟ್ಟಿಸಬೇಡಿ, ಆರರ ಕ್ರೋಮಿಯಂ ಸುಣ್ಣಕ್ಕೆ ತಳ ಕೂರುವುದಿಲ್ಲ.

ಆಮೇಲೆ ಸುಣ್ಣ. ಪ್ರತಿ ಫ್ಲಾಸ್ಕಿನ 20 ಮಿ.ಲೀ. ಗಂಧಕಾಮ್ಲಕ್ಕೆ ಅರಳಿಸಿದ ಸುಣ್ಣದ ಪುಡಿ 27 ಗ್ರಾಂ. ಫಾಸ್ಫೋರಿಕ್ ಆಮ್ಲ 10 ಮಿ.ಲೀ. ಹಾಕಿದ್ದರೆ ಕನಿಷ್ಠ ಇನ್ನೊಂದು 10 ಗ್ರಾಂ. ಹತ್ತು ಸ್ಯಾಂಪಲಿಗೆ ಕನಿಷ್ಠ 370 ಗ್ರಾಂ ಆಯಿತು. ಅಂಗಡಿಯ ಸುಣ್ಣ ಅಷ್ಟು ಶುದ್ಧವಿರದ ಕಾರಣ ತೂಕಕ್ಕಿಂತ ಪಿಎಚ್ ಪೇಪರನ್ನು ನಂಬಿ. ಸುಣ್ಣವನ್ನು ನೀರಿನಲ್ಲಿ ಕಲಸಿ ಬೋರ್ಡೋಗೆ ಸೋಸುವಂತೆಯೇ ಬಟ್ಟೆಯಲ್ಲಿ ಸೋಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿರುವ ತಣ್ಣಗಾದ ಹಸಿರು ದ್ರಾವಣಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಮರದ ಕೋಲಿನಿಂದ ತಿರುವಿ. ಕನ್ನಡಕ, ರಬ್ಬರ್ ಕೈಗವಸು ಕಡ್ಡಾಯ, ಬಕೆಟ್ ಬಿಸಿಯಾಗುತ್ತದೆ. ಪಿಎಚ್ 8ರಿಂದ 9ಕ್ಕೆ ಬಂದಾಗ ನಿಲ್ಲಿಸಿ. ಇನ್ನಷ್ಟು ಹಾಕಿದರೆ ಇನ್ನೂ ಒಳ್ಳೆಯದು ಎಂದು ಕೈ ಬಿಗಿಹಿಡಿಯದೆ ಸುರಿಯುವುದೇ ಇಲ್ಲಿ ಸಾಮಾನ್ಯ ತಪ್ಪು. ಪಿಎಚ್ 11, 12ಕ್ಕೆ ಹೋದರೆ ಕೂತ ಕ್ರೋಮಿಯಂ ಮತ್ತೆ ಕರಗಲು ತೊಡಗುತ್ತದೆ.

ರಾತ್ರಿ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಜಿಪ್ಸಂ ಬೆರೆತ ದಪ್ಪ ಗಸಿ, ಮೇಲೆ ಬಣ್ಣವಿಲ್ಲದ ತಿಳಿ ಇರಬೇಕು. ತಿಳಿಯಲ್ಲಿ ಹಳದಿ ಛಾಯೆ ಕಂಡರೆ ಆರರ ಕ್ರೋಮಿಯಂ ಉಳಿದಿದೆ, ಮತ್ತೆ ಆಮ್ಲಕ್ಕೆ ತಂದು ಮೊದಲಿನಿಂದ ಮಾಡಬೇಕು. ಬಣ್ಣವಿಲ್ಲದ ತಿಳಿಯನ್ನು ನಳಿಕೆ ಹಾಕಿ ಇಳಿಸಿ, ಪಿಎಚ್ ನೋಡಿ ಒಳಚರಂಡಿಗೆ ಬಿಡಿ, ಸೆಪ್ಟಿಕ್ ಟ್ಯಾಂಕಿಗೆ ಬೇಡ. ಗಸಿಯನ್ನು ಬಟ್ಟೆಯಲ್ಲಿ ಬಸಿದು, ಒಣಗಿಸಿ, ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ಅದು ಅಪಾಯಕಾರಿ ತ್ಯಾಜ್ಯ. ಸುಣ್ಣ ತಾನೇ ಎಂದು ಕಾಫಿ ಗಿಡದ ಬುಡಕ್ಕೆ ಹಾಕುವುದು ಖಂಡಿತ ಬೇಡ. ಜೂನ್‌ನಿಂದ ನಿಮ್ಮ ಕಡೆ ಯಾವುದೂ ಒಣಗುವುದಿಲ್ಲ, ಆದ್ದರಿಂದ ಆ ಡ್ರಮ್ಮಿಗೆ ಸೂರಿನ ಕೆಳಗೇ ಜಾಗ ಮಾಡಿ.

ಸಿಒಡಿ ವಿಚಾರಕ್ಕೆ ಬಂದರೆ ಈ ಸುಣ್ಣದ ಉಪಾಯ ಸಾಲದು, ಅಲ್ಲಿ ಪಾದರಸವಿದೆ. ಫ್ಲಾಸ್ಕಿನಲ್ಲಿ ಕುದಿಸುವ ವಿಧಾನದಲ್ಲಿ 20 ಮಿ.ಲೀ. ಸ್ಯಾಂಪಲಿಗೆ 0.4 ಗ್ರಾಂ ಮರ್ಕ್ಯುರಿಕ್ ಸಲ್ಫೇಟ್ ಹಾಕುತ್ತಾರೆ. ಅದರಲ್ಲಿ ಪಾದರಸವೇ 270 ಮಿ.ಗ್ರಾಂ. ಮಿತಿ ಲೀಟರಿಗೆ 0.01 ಮಿ.ಗ್ರಾಂ. ಒಂದೇ ಒಂದು ಪರೀಕ್ಷೆಯ ಉಳಿಕೆ 27,000 ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಇದನ್ನು ಒಂದು ಹನಿಯೂ ಸಿಂಕಿಗೆ ಬಿಡಬಾರದು. ಗಾಜಿನ ಅಥವಾ ದಪ್ಪ ಎಚ್‌ಡಿಪಿಇ ಕ್ಯಾನಿನಲ್ಲಿ, ಮೊದಲ ತೊಳೆನೀರಿನ ಸಮೇತ ಶೇಖರಿಸಿ ಅನುಮತಿ ಪಡೆದ ಸಂಸ್ಥೆಗೇ ಕೊಡಬೇಕು.

ಶುರು ಮಾಡುವ ಮೊದಲೇ ಕೇಳಿದ್ದೀರಿ, ಆದ್ದರಿಂದ ಎರಡು ಸಲಹೆ. ಮುಚ್ಚಿದ ಟ್ಯೂಬಿನ ವಿಧಾನ ಆರಿಸಿಕೊಳ್ಳಿ, ಅದಕ್ಕೆ 2.5 ಮಿ.ಲೀ. ಸ್ಯಾಂಪಲ್ ಸಾಕು, ಉಳಿಕೆ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ. ಇನ್ನೊಂದು: ಆ ಪಾದರಸ ಇರುವುದು ಕ್ಲೋರೈಡ್ ಅಡ್ಡಿಯನ್ನು ತಡೆಯಲು. 0.4 ಗ್ರಾಂ ಎಂಬುದು ಲೀಟರಿಗೆ 2,000 ಮಿ.ಗ್ರಾಂ ಕ್ಲೋರೈಡ್ ಇದ್ದರೂ ಸಾಲುವ ಲೆಕ್ಕ. ಪಲ್ಪಿಂಗ್ ನೀರನ್ನು ಹೇಗೂ ಹಲವು ಪಟ್ಟು ನೀರು ಬೆರೆಸಿಯೇ ಪರೀಕ್ಷಿಸುತ್ತೀರಿ. ಮೊದಲು ಕ್ಲೋರೈಡ್ ನೋಡಿ, ಅದರ ಹತ್ತು ಪಟ್ಟು ಮರ್ಕ್ಯುರಿಕ್ ಸಲ್ಫೇಟ್ ಎಂಬ ಪ್ರಮಾಣ ಕಾಯ್ದುಕೊಂಡು ಉಳಿದದ್ದನ್ನು ಕಡಿತ ಮಾಡಬಹುದು.

ಪ್ರಶ್ನೆ: ಲ್ಯಾಬುಗಳಿರುವ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ತೆಗೆದರೆ ಕೆಲವು ದಿನ ಕೊಳೆತ ಮೊಟ್ಟೆ ವಾಸನೆ ಜೋರಾಗಿರುತ್ತದೆ, ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ. ಆಮ್ಲ ಬಿಡುವುದಕ್ಕೂ ಇದಕ್ಕೂ ಸಂಬಂಧವಿದೆಯೇ?
— ಒಳಚರಂಡಿ ಕೆಲಸದ ಮೇಲ್ವಿಚಾರಕ, ಚಿಕ್ಕಮಗಳೂರು

ಉತ್ತರ: ನೇರ ಸಂಬಂಧವಿದೆ. ನಿಂತ ಕೊಳಚೆಯಲ್ಲಿ ಸಲ್ಫೈಡ್ ಯಾವಾಗಲೂ ಇರುತ್ತದೆ. ಪಿಎಚ್ 7ರಲ್ಲಿ ಅದರ ಸುಮಾರು ಅರ್ಧ ಪಾಲು ಮಾತ್ರ ಹೈಡ್ರೋಜನ್ ಸಲ್ಫೈಡ್ ರೂಪದಲ್ಲಿರುತ್ತದೆ. ಯಾರೋ ಮೇಲೆ ಆಮ್ಲ ಸುರಿದು ಪಿಎಚ್ 5ಕ್ಕೆ ಇಳಿದರೆ ಹೆಚ್ಚುಕಡಿಮೆ ಪೂರ್ತಿ ಆ ರೂಪಕ್ಕೆ ತಿರುಗಿ ಗಾಳಿಗೆ ಏಳುತ್ತದೆ. ವಾಸನೆ ಕಡಿಮೆಯಾಯಿತು ಎಂದು ಒಂದು ಹೆಜ್ಜೆಯೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಈ ಅನಿಲ ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಸಾಯಿಸುತ್ತದೆ, ವಾಸನೆ ಹೋಗುವುದೇ ಅಪಾಯದ ಸೂಚನೆ ಆಗಿರಬಹುದು. ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕೂತಿರುತ್ತದೆ. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧಿಸಿದೆ. ಯಂತ್ರದಿಂದಲೇ ಕೆಲಸ ಮಾಡಿಸಿ. ಇದೇ ಅನಿಲ ಮ್ಯಾನ್‌ಹೋಲಿನ ಮೇಲ್ಭಾಗದ ತೇವಕ್ಕೆ ಅಂಟಿ, ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗಿ ಕಾಂಕ್ರೀಟನ್ನು ಉದುರಿಸುತ್ತದೆ. ಬೆರಳಿನಿಂದ ಒತ್ತಿದರೆ ಹಿಟ್ಟಿನಂತೆ ಬರುವ ಸಿಮೆಂಟ್ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ.

ಯಾವ ಕಟ್ಟಡದಿಂದ ಬರುತ್ತಿದೆ ಎಂದು ತಿಳಿಯಲು ಪ್ರತಿ ಕಟ್ಟಡದ ಛೇಂಬರಿನಲ್ಲಿ, ಉದ್ದ ಕೋಲಿನ ತುದಿಗೆ ಪಿಎಚ್ ಪೇಪರ್ ಕಟ್ಟಿ, ಸಂಜೆ ಲ್ಯಾಬ್ ಮುಚ್ಚುವ ಹೊತ್ತಿಗೆ ನೋಡಿ. ಸುರಿಯುವುದು ಸಾಮಾನ್ಯವಾಗಿ ಆಗಲೇ.

ಪ್ರಶ್ನೆ: ನನ್ನ ಕಟ್ಟಡದ ಕೆಳ ಅಂತಸ್ತನ್ನು ಪೆಥಾಲಜಿ ಲ್ಯಾಬಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ನಮ್ಮದು ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ. ಅವರು ಬಂದ ಮೇಲೆ ಟ್ಯಾಂಕ್ ಬೇಗ ತುಂಬುತ್ತಿದೆ. ಹಿತ್ತಿಲಲ್ಲಿ ಬೋರ್‌ವೆಲ್ ಇದೆ.
— ಕಟ್ಟಡದ ಮಾಲೀಕ, ಅರಸೀಕೆರೆ

ಉತ್ತರ: ಟ್ಯಾಂಕಿನೊಳಗಿನ ಜೀವಿಗಳು ಸತ್ತಿರುವ ಸಾಧ್ಯತೆ ಹೆಚ್ಚು. ಮಲ ಕರಗದಿದ್ದರೆ ಟ್ಯಾಂಕ್ ತುಂಬಲೇಬೇಕು. ಅಂಗಾಂಶ ಇಡುವ ಶೇ. 10ರ ಫಾರ್ಮಲಿನ್ನಿನಲ್ಲಿ ಲೀಟರಿಗೆ ಸುಮಾರು 40 ಗ್ರಾಂ ಫಾರ್ಮಾಲ್ಡಿಹೈಡ್ ಇರುತ್ತದೆ, ಹೈಪೋ ಅದಕ್ಕೆ ಜೊತೆ. ಬಾಡಿಗೆದಾರರಿಗೆ ಇದನ್ನು ಹೇಳಿ: ಫಾರ್ಮಲಿನ್ ಮತ್ತು ಜೈಲೀನ್ (ಅಂಗಾಂಶದ ಸ್ಲೈಡ್ ತಯಾರಿಸಲು ಬಳಸುವ ದ್ರಾವಕ) ಬೇರೆಬೇರೆ ಮುಚ್ಚಳದ ಕ್ಯಾನಿನಲ್ಲಿ ಶೇಖರವಾಗಿ, ತ್ಯಾಜ್ಯ ಒಯ್ಯುವ ಗಾಡಿಗೇ ಹೋಗಬೇಕು. ಫಾರ್ಮಲಿನ್ನಿಗೆ ಹೈಪೋ ಸುರಿಯಬಾರದು. ಜೈಲೀನ್ ನೀರಿನ ಮೇಲೆ ತೇಲುತ್ತದೆ, 27 ಡಿಗ್ರಿಯ ಆಸುಪಾಸಿನಲ್ಲೇ ಕಿಡಿ ತಾಕಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಿಮ್ಮೂರಿನ ಬೇಸಿಗೆಯಲ್ಲಿ ಮುಚ್ಚಿದ ಟ್ಯಾಂಕಿನೊಳಗೆ ಅದು ಕೂತಿದೆ ಎಂದರೆ ಬೆಂಕಿಕಡ್ಡಿ ಗೀರಿ ಟ್ಯಾಂಕ್ ಇಣುಕುವ ಅಭ್ಯಾಸ ಪ್ರಾಣಕ್ಕೇ ಸಂಚಕಾರ. ಪಿವಿಸಿ ಪೈಪೂ ಅದಕ್ಕೆ ಮೆತ್ತಗಾಗುತ್ತದೆ.

ಇಂಗುಗುಂಡಿ ಮತ್ತು ಬಾವಿಯ ನಡುವೆ 18 ಮೀಟರ್ ಎಂದು ಹೇಳುವ ಅಂತರ ಮನೆಯ ಕೊಳಚೆಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಮಣ್ಣು ರೋಗಾಣುವನ್ನು ಸೋಸುತ್ತದೆ, ಕರಗಿದ ರಾಸಾಯನಿಕವನ್ನು ಹಾಗೆ ಸೋಸುವುದಿಲ್ಲ. ಲ್ಯಾಬ್ ಸಿಂಕುಗಳ ಪೈಪನ್ನು ಶೌಚಾಲಯದ ಪೈಪಿನಿಂದ ಈಗಲೇ ಬೇರ್ಪಡಿಸಿ, ಅವರ ಖರ್ಚಿನಲ್ಲಿ ನೆಲದ ಮೇಲೆ ಕಾಣುವಂತೆ 500 ಲೀಟರಿನ ಒಂದು ಸಂಗ್ರಹ ಟ್ಯಾಂಕ್ ಇಡಿಸಿ. ಅಲ್ಲಿ ಸೋಂಕು ಕಳೆದ ನೀರನ್ನು ಮರುದಿನದವರೆಗೆ ಬಿಟ್ಟು, ಸ್ಟಾರ್ಚ್-ಅಯೋಡೈಡ್ ಪೇಪರ್ ಅದ್ದಿ ನೋಡಲಿ. ನೀಲಿಯಾದರೆ ಕ್ಲೋರಿನ್ ಇದೆ. ಥಯೋಸಲ್ಫೇಟ್ ಚಮಚ ಚಮಚ ಹಾಕಿ, ನೀಲಿ ಬಾರದಾದ ಮೇಲೆ, ಪಿಎಚ್ ನೋಡಿಯೇ ಹೊರಬಿಡಬೇಕು. ಕರಾರುಪತ್ರ ನವೀಕರಿಸುವಾಗ ಅವರ ಜೈವಿಕ ತ್ಯಾಜ್ಯದ ಅನುಮತಿಪತ್ರದ ಪ್ರತಿ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ: ಪ್ರೌಢಶಾಲೆಯ ಲ್ಯಾಬಿನಲ್ಲಿ ಥರ್ಮಾಮೀಟರ್ ಒಡೆದು ಪಾದರಸ ಸಿಂಕಿನೊಳಗೆ ಹೋಯಿತು. ನೀರು ಬಿಡಲೇ?
— ವಿಜ್ಞಾನ ಶಿಕ್ಷಕ, ಕಡೂರು

ಉತ್ತರ: ನಲ್ಲಿ ಮುಟ್ಟಬೇಡಿ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಸಿಂಕಿನ ಕೆಳಗಿನ ಬಾಗಿದ ಪೈಪಿನ ತಳದಲ್ಲೇ ಕೂತಿರುತ್ತದೆ. ಕೆಳಗೆ ಪ್ಲಾಸ್ಟಿಕ್ ಬೇಸನ್ ಇಟ್ಟು, ಕೈಗವಸು ಹಾಕಿ, ಉಂಗುರ ತೆಗೆದು, ಆ ಬಾಗು ತುಂಡನ್ನು ಬಿಚ್ಚಿ ಬೇಸನ್ನಿಗೆ ಬಗ್ಗಿಸಿ. ಮೇಲಿನ ನೀರನ್ನು ಡ್ರಾಪರಿನಲ್ಲಿ ತೆಗೆದು, ಪಾದರಸದ ಗುಂಡನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಅದರ ಮೇಲೆ ಒಂದಿಂಚು ನೀರು ನಿಲ್ಲಿಸಿ, ಬಿಗಿಯಾಗಿ ಮುಚ್ಚಿ ಲೇಬಲ್ ಬರೆಯಿರಿ. ಮೇಜಿನ ಬಿರುಕಿನಲ್ಲಿ ಸಿಕ್ಕ ಹನಿಗಳಿಗೆ ಗಂಧಕದ ಪುಡಿ ಉದುರಿಸಿ, ರಟ್ಟಿನಿಂದ ಒಟ್ಟುಮಾಡಿ. ಪೊರಕೆ ಬೇಡ, ಅದು ಹನಿಯನ್ನು ನೂರು ಮಾಡುತ್ತದೆ. ಜಿಲ್ಲೆಯ ಪರಿಸರ ಅಧಿಕಾರಿ ಕಚೇರಿಗೆ ಪತ್ರ ಬರೆದು, ಅದನ್ನು ಯಾರಿಗೆ ಕೊಡಬೇಕೆಂದು ಲಿಖಿತ ಉತ್ತರ ಪಡೆಯಿರಿ. ಅಪಾಯಕಾರಿ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮವಿದೆ, ಪತ್ರದಲ್ಲಿ ಒಡೆದ ತಾರೀಖನ್ನೂ ಕಾಣಿಸಿ.